ಹೆಂಡತಿಯ ಊರಿನ ಮೇಲೆ ಹೊಟ್ಟೆಕಿಚ್ಚು

ಗಂಡಸು ಇನ್ನೊಬ್ಬ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಪಡುವುದನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಪಟ್ಟಿದ್ದು ಒಂದು ಊರಿನ ಮೇಲೆ. ಮಂಗಳೂರಿನ ಮೇಲೆ. ನಗುವವರು ನಗಲಿ, ಆ ಊರಿಗೊಂದು ಕುತ್ತಿಗೆ ಇದ್ದಿದ್ದರೆ ಕಾಲರ್ ಹಿಡಿದು ಎರಡು ಬಿಟ್ಟೇ ಬರುತ್ತಿದ್ದೆ.

ನಾನು ಮಿಡಿಗೇಶಿ ಕಡೆಯವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಹೇಗೋ ನಾಲ್ಕಕ್ಷರ ಕಲಿತು, ಮಧುಗಿರಿಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್ ಆದೆ. ಅವಳು ಮಂಗಳೂರಿನಿಂದ ನಮ್ಮ ಕಡೆಯ ಹೈಸ್ಕೂಲಿಗೆ ಟೀಚರಾಗಿ ಬಂದವಳು. ಎಪ್ಪತ್ತರ ದಶಕದಲ್ಲಿ ಆ ಸೀಮೆಯಿಂದ ಟೀಚರುಗಳೂ ನರ್ಸುಗಳೂ ನಮ್ಮ ಬಯಲಿಗೆ ಬರುವುದು ಮಾಮೂಲಾಗಿತ್ತು. ವರ್ಗ ಸಿಕ್ಕ ಮರುದಿನ ಟ್ರಂಕು ಎತ್ತಿಕೊಂಡು ಹೋಗುವುದೂ ಅಷ್ಟೇ ಮಾಮೂಲು. ಇವಳು ಹೋಗಲಿಲ್ಲ, ನನ್ನನ್ನು ಮದುವೆಯಾದಳು. ಎರಡೂ ಮನೆಯವರು ಮುಖ ಊದಿಸಿಕೊಂಡರು, ಸ್ವಲ್ಪ ಕಾಲಕ್ಕೆ ಇಳಿಸಿಕೊಂಡೂಬಿಟ್ಟರು.

ನಮ್ಮ ಬೀದಿಯಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಮಾತು ಕಮ್ಮಿ ಎಂಬುದೇ ಆ ಹೆಸರಿಗೆ ಕಾರಣ. ಏನು ಕೇಳಿದರೂ ಹೂಂ, ಇಲ್ಲ, ಆಯ್ತು. ತಮ್ಮ ಸೊಸೆಯರ ಬಾಯಿಗೆ ಬೇಸತ್ತ ಹೆಂಗಸರು ನಮ್ಮ ಅವ್ವನ ಹತ್ತಿರ, "ನೀನು ಪುಣ್ಯ ಮಾಡಿದ್ದೆ ಕಣಮ್ಮ" ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದರು. ನಾನೂ ಬೀಗುತ್ತಿದ್ದೆ. ದಿನವೆಲ್ಲ ಕುರಿ ಮೇಕೆಗಳ ಅರಚಾಟ, ಅದಕ್ಕಿಂತ ಜೋರಾದ ಅವುಗಳ ಮಾಲೀಕರ ಅರಚಾಟ ಕೇಳಿ ಬಂದವನಿಗೆ ಸದ್ದಿಲ್ಲದ ಮನೆ ಹಾಯಾಗಿಯೇ ಇತ್ತು.

ಒಂದು ಬೇಸಗೆ ರಜೆಗೆ ತೌರಿಗೆ ಹೋದಳು. ಆಗ ಬಸುರಿ. ಶಾಲೆ ತೆರೆಯುವ ಹೊತ್ತು ಹತ್ತಿರವಾದರೂ ಬರಲಿಲ್ಲ, ಒಂದು ಕಾಗದ ಬಂತು. ತಾಯಿಮನೆಯ ಹತ್ತಿರದ ಶಾಲೆಯಲ್ಲಿ ಜಾಗ ಖಾಲಿ ಉಂಟಂತೆ, ವರ್ಗಕ್ಕೆ ಕೇಳುವ ಅಂತ ಯೋಚನೆ, ನೀವೂ ಈ ಕಡೆಗೇ ಬಂದುಬಿಡಬಹುದಲ್ಲ, ಒಮ್ಮೆ ಬಂದು ಊರು ನೋಡಿ ಹೋಗಿ.

ನಾನು ಆ ಕಡೆಗೆ ಹೋಗಿ ಏನು ಮಾಡಲಿ? ಮೀನಿಗೆ ಸೂಜಿ ಹಾಕಲೇ? ಹಳ್ಳಿಯಲ್ಲಿ ಅಣ್ಣಂದಿರ ಕುರಿಹಿಂಡು, ಮನೆಯಲ್ಲಿ ಒಂಟಿ ಅವ್ವ, ಇದನ್ನೆಲ್ಲ ಬಿಟ್ಟು ಎಲ್ಲಿಗೆ ಹೋಗಲಿ? ಅವ್ವನಿಗೆ ಕಾಗದ ಓದಿ ಹೇಳಿದೆ. ಅವಳು, "ಹೋಗಿ ಕರ್ಕೊಂಡು ಬಾರ್ಲಾ. ಬರಲ್ಲ ಅಂದ್ರೆ ಅಲ್ಲೇ ಕುಂತ್ಕ. ಬರಿಗೈಲಿ ಬಂದ್ಬುಟ್ಟೀಯಾ ಮತ್ತೆ" ಎಂದಳು. ಹಾಗಾಗಿ ನಾನು ಹೋದದ್ದು ಊರು ನೋಡುವುದಕ್ಕಲ್ಲ, ಹೆಂಡತಿಯನ್ನು ವಾಪಸು ತರುವುದಕ್ಕೆ.

ತುಮಕೂರು, ಹಾಸನ, ಘಾಟಿ ಎಂದು ಬಸ್ಸು ಬದಲಿಸಿ ಬದಲಿಸಿ ಮಂಗಳೂರಿನಲ್ಲಿ ಇಳಿದಾಗ ಮೈಯೆಲ್ಲ ಹಿಟ್ಟಾಗಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ನಮ್ಮಲ್ಲಿಯೂ ಬಿಸಿಲಿದೆ, ಆದರೆ ನಮ್ಮ ಬಿಸಿಲು ಮರ್ಯಾದಸ್ಥ, ನೆರಳಿಗೆ ಹೋದರೆ ಬಿಟ್ಟುಬಿಡುತ್ತದೆ. ಇಲ್ಲಿಯದು ನೆರಳಿಗೂ ಬೆನ್ನು ಹತ್ತಿ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಎಲ್ಲೋ ಒಬ್ಬ ಹೆಂಗಸು ದೊಡ್ಡ ದನಿಯಲ್ಲಿ ನಗುತ್ತಿದ್ದಳು. ಯಾವಳಪ್ಪಾ ಇವಳು, ಹಿಂಗೆ ನಗ್ತಾಳೆ ಎಂದು ತಿರುಗಿ ನೋಡಿದೆ. ನನ್ನ ಹೆಂಡತಿ.

ನನ್ನ ಕಾಗದ ತಲುಪಿ, ಕರೆದುಕೊಂಡು ಹೋಗಲು ಬಂದಿದ್ದಳು. ಕರಿ ಕೊಡೆ, ರಬ್ಬರ್ ಚಪ್ಪಲಿ, ಪಕ್ಕದಲ್ಲಿ ಹಣ್ಣಿನ ಗಾಡಿಯವನು. ಅವನಿಗೆ ತುಳುವಿನಲ್ಲಿ ಏನೋ ಹೇಳಿದಳು, ಅವನು ತಲೆ ಚಚ್ಚಿಕೊಂಡು ನಕ್ಕ. ಮದುವೆಯಾಗಿ ಅಷ್ಟು ವರ್ಷವಾಗಿತ್ತು, ನನ್ನ ಎದುರಿಗೆ ಅವಳು ಹಲ್ಲು ಕಾಣುವಂತೆ ನಕ್ಕಿದ್ದು ನನಗೆ ನೆನಪಿರಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲಿಯೇ.

ಮರುದಿನ ಬೆಳಿಗ್ಗೆ, "ದೇವಸ್ಥಾನ, ಬೀಚು ಎಲ್ಲ ನೆಂಟರಿಗೆ ತೋರಿಸುವುದು. ನಿಮಗೆ ನಾನು ನಡೆದುಕೊಂಡು ಬೆಳೆದ ಊರು ತೋರಿಸ್ತೇನೆ, ಬನ್ನಿ" ಎಂದು ಹೊರಡಿಸಿದಳು. ಒಳ್ಳೆಯದೇ ಆಯಿತು, ದಾರಿಯಲ್ಲಿ ಮಾತು ತೆಗೆಯೋಣ ಅಂದುಕೊಂಡೆ. ಮಾತು ತೆಗೆಯಲು ಬಿಟ್ಟರೆ ತಾನೇ? ಆ ಊರಿನಲ್ಲಿ ನೆಟ್ಟಗಿರುವ ಒಂದು ರಸ್ತೆಯೂ ಇಲ್ಲ. ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ಅವಳು ರಸ್ತೆಯನ್ನೇ ಹಿಡಿಯಲಿಲ್ಲ. ಯಾರದೋ ಅಂಗಳ, ಇನ್ಯಾರದೋ ಬಾವಿಕಟ್ಟೆ, ಕೆಂಪು ಕಲ್ಲಿನ ಗೋಡೆಗಳ ನಡುವಿನ ಸಂದಿ, ಅವರು ಇಗರ್ಜಿ ಎನ್ನುವ ಚರ್ಚಿನ ಹಿಂದಿನ ಮೆಟ್ಟಿಲು, ಹೀಗೆ ನುಸುಳಿಕೊಂಡು ಹೋಗುತ್ತಿದ್ದಳು. ಪ್ರತಿ ಅಂಗಳದಿಂದಲೂ ಒಬ್ಬರು ಕೂಗುವುದು, ಇವಳು ನಿಲ್ಲುವುದು, ತುಳುವಿನಲ್ಲೋ ಕೊಂಕಣಿಯಲ್ಲೋ ಹರಟೆ. ನಾನು ಕೊಡೆ ಹಿಡಿದುಕೊಂಡು ಸಂತೆಗೆ ತಂದ ಟಗರಿನ ಹಾಗೆ ಪಕ್ಕದಲ್ಲಿ ನಿಲ್ಲುವುದು. ಎಲ್ಲರೂ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕನ್ನಡದಲ್ಲಿ ಕೇಳುವುದು ಒಂದೇ ಮಾತು: "ಸೆಕೆ ಆಗ್ತದಾ?"

ಆಗುತ್ತದೆ ಸ್ವಾಮೀ, ಆಗದೆ ಏನು!

ಬಂದರಿನ ಕಡೆಗೆ ಇಳಿದೆವು. ಹಳೆಯ ಹೆಂಚಿನ ಗೋದಾಮುಗಳು, ಎದುರು ಬದುರಿನವರು ಕೈ ಚಾಚಿದರೆ ಮುಟ್ಟುವಷ್ಟು ಇಕ್ಕಟ್ಟಿನ ಓಣಿ, ಕಾಳುಮೆಣಸು, ಒಣಮೀನು, ಹಗ್ಗ, ಗೋಣಿ, ಎಲ್ಲದರ ವಾಸನೆ ಸೇರಿ ಮೂಗಿಗೆ ಗುದ್ದುತ್ತಿತ್ತು. ಇಲ್ಲಿಗೆ ಅರಬರು ಬಂದಿದ್ದರು, ಪೋರ್ಚುಗೀಸರು ಬಂದಿದ್ದರು ಎಂದು ಅವಳು ಹೇಳುತ್ತಲೇ ಇದ್ದಳು. ಬರಲಿ, ಯಾರು ಬೇಡ ಅಂದರು? ನಮ್ಮ ಶಿರಾಕ್ಕೂ ಸುಬೇದಾರರು ಬಂದಿದ್ದರು, ನಾವು ಅದನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆಯೇ? ಅಲ್ಲಿಯೇ ಒಬ್ಬ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಇವಳನ್ನು ಕಂಡದ್ದೇ "ಬಲೆ, ಬಲೆ" ಎಂದು ಕೂಗಿದಳು. ನಾನು ಬಲೆ ಮಾರುತ್ತಿದ್ದಾಳೆ ಅಂದುಕೊಂಡು, "ನಮಗೆ ಬ್ಯಾಡ ಬುಡಮ್ಮ" ಎಂದೆ. ಬಲೆ ಎಂದರೆ ಬನ್ನಿ ಅಂತ ಅರ್ಥವಂತೆ. ಇಬ್ಬರೂ ನಕ್ಕರು. ನನ್ನ ಹೆಂಡತಿ ಮತ್ತೇನೋ ಸೇರಿಸಿದಳು. ಆ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡು, ಬುಟ್ಟಿಯ ಮೇಲೆ ಬೀಳುವುದೊಂದು ಬಾಕಿ.

"ಏನಂದೆ?" ಎಂದೆ.

"ಸುಮ್ಮನೆ, ಒಂದು ತಮಾಷೆ."

"ಅದನ್ನೇ ಕನ್ನಡದಲ್ಲಿ ಹೇಳು."

ಬಾಯಿ ತೆರೆದಳು, ಮುಚ್ಚಿದಳು. "ಕನ್ನಡದಲ್ಲಿ ಹೇಳಿದರೆ ಅದರಲ್ಲಿ ಎಂಥದೂ ಇಲ್ಲ" ಎಂದಳು.

ಮೀನಿನವಳಿಗೆ ಸಿಕ್ಕಿದ್ದು ತಾಳಿ ಕಟ್ಟಿದವನಿಗೆ ಇಲ್ಲ! ಹಣ್ಣಿನ ಗಾಡಿಯವನಿಗೆ ಉಂಟು, ಬಾವಿಕಟ್ಟೆಯ ಮುದುಕಿಗೆ ಉಂಟು, ದಾರಿಯಲ್ಲಿ ಇವಳನ್ನು ಕಂಡು ಬಸ್ ನಿಲ್ಲಿಸಿ "ಬನ್ನಿ ಟೀಚರ್" ಎಂದು ಹಲ್ಲು ಕಿರಿದ ಕಂಡಕ್ಟರನಿಗೂ ಉಂಟು. ನನಗೆ ಮಾತ್ರ ಹೂಂ, ಇಲ್ಲ, ಆಯ್ತು. ಇಷ್ಟು ವರ್ಷ ಇವಳು ಒಳ್ಳೆಯ ಮಾತನ್ನೆಲ್ಲ ಈ ಊರಿನಲ್ಲಿ ಇಟ್ಟು, ನನ್ನ ಮನೆಗೆ ಮಿಕ್ಕಿದ್ದನ್ನು ತಂದಿದ್ದಳು. ಮೈಯೆಲ್ಲ ಉರಿದುಹೋಯಿತು.

ಸಂಜೆ ಹೊಳೆಯ ದಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಟಿಪ್ಪು ಕಾಲದ ಒಂದು ಕಾವಲು ಬುರುಜು. ಕಪ್ಪು ಕಲ್ಲಿನದು, ನಮ್ಮ ಕಣಜದಷ್ಟು ಗಾತ್ರ. ಅದನ್ನು ಕೋಟೆ ಎಂದು ತೋರಿಸಿದಳು. ಮಧುಗಿರಿಯ ಬೆಟ್ಟದ ಕೋಟೆ ನೋಡುತ್ತ ಹಲ್ಲುಜ್ಜುವವನಿಗೆ ಇದನ್ನು ಕೋಟೆ ಅನ್ನುವುದೇ? "ಇಂಥವನ್ನ ಮಿಡಿಗೇಶಿ ಬೆಟ್ಟದ ಜೇಬಲ್ಲಿ ಹಾಕ್ಕೊಂಡು ಹೋಗ್ಬೌದು" ಎಂದೆ. ಅವಳಿಗೆ ಬೇಸರವೇ ಆಗಲಿಲ್ಲ. ನಗುತ್ತಲೇ ದೋಣಿ ಹತ್ತಿಸಿದಳು. ಆಚೆ ದಡದಲ್ಲಿ ಸಮುದ್ರವಂತೆ. ದೋಣಿಯ ತುಂಬ ಜನ, ಎರಡು ಸೈಕಲ್, ಒಂದು ಕೋಳಿಬುಟ್ಟಿ. ಅವಳು ಅಂಚಿಗೆ ಒರಗಿ ಕೈ ನೀರಿಗೆ ಬಿಟ್ಟು ಕೂತಳು. ನನಗೆ ಈಜು ಬಾರದು. ಹಲಗೆ ಹಿಡಿದುಕೊಂಡು, ಇನ್ನು ಸುಮ್ಮನಿದ್ದರೆ ಆಗದು ಎಂದು ಹೇಳಿಯೇಬಿಟ್ಟೆ.

"ನಾಳೆ ಹೊರಡೋಣ. ಇಬ್ರೂ."

"ನಾಳೆಯಾ?" ಅವಳು ಕಣ್ಣು ಮುಚ್ಚಿಕೊಂಡೇ ಮೈ ಮುರಿದಳು. "ನನಗೆ ಉದಾಸೀನ ಮಾರಾಯ್ರೆ."

ಉದಾಸೀನ! ನಮ್ಮ ಕಡೆ ಆ ಮಾತನ್ನು ಹಗುರವಾಗಿ ಆಡುವುದಿಲ್ಲ. ಒಬ್ಬರನ್ನು ಉದಾಸೀನ ಮಾಡಿದರೆಂದರೆ ಮನುಷ್ಯರ ಲೆಕ್ಕದಿಂದ ತೆಗೆದು ಹಾಕಿದರೆಂದೇ ಅರ್ಥ. ನಾನು ದೋಣಿ ಎಂಬುದನ್ನೂ ಮರೆತು ಎದ್ದು ನಿಂತುಬಿಟ್ಟೆ. "ಏನೇ ಅಂದೆ? ಉದಾಸೀನ್ವಾ? ನಾನು ಅಂದ್ರೆ ಉದಾಸೀನ, ನಮ್ಮವ್ವ ಅಂದ್ರೆ ಉದಾಸೀನ, ಈ ಹಾಳು ಮೀನು ನಾತದ ಊರು ಮಾತ್ರ ಹೆಚ್ಚಾಗೋಯ್ತಾ ನಿಂಗೆ? ಕಟ್ಕೊಂಡ ಗಂಡನ ಮುಖಕ್ಕೆ ಹಿಂಗೆ ಹೊಡ್ದಂಗೆ ಅಂದ್ಬುಟ್ಟೆಯಲ್ಲೇ!"

ದೋಣಿ ಹೊಯ್ದಾಡಿತು. ಕೋಳಿಗಳು ಕೂಗಿದವು. ಜನ ಕಕ್ಕಾಬಿಕ್ಕಿಯಾಗಿ ನೋಡಿದರು. ಪಕ್ಕದ ಮುದುಕರೊಬ್ಬರು ನನ್ನ ಅಂಗಿ ಹಿಡಿದು ಕೂರಿಸಿ, "ಕೂತ್ಕೊಳ್ಳಿ ಮಾರಾಯ್ರೆ, ಬೀಳ್ತೀರಿ. ಉದಾಸೀನ ಅಂದ್ರೆ ಸೋಮಾರಿತನ, ಆಲಸ್ಯ. ಬಸುರಿ ಹೆಂಗಸಿಗೆ ಪ್ರಯಾಣ ಅಂದ್ರೆ ಉದಾಸೀನ ಆಗುದಿಲ್ವಾ?" ಎಂದರು. ದೋಣಿಗೆ ದೋಣಿಯೇ ನಕ್ಕಿತು. ಅವಳೂ ನಕ್ಕಳು. ಆಮೇಲೆ, ಎಲ್ಲರೂ ನಗುತ್ತಿರುವಾಗಲೇ, ಅವಳ ನಗು ನಿಂತುಹೋಯಿತು.

ಆಚೆ ದಡದಲ್ಲಿ ಮರಳಿನ ಮೇಲೆ ಕೂತಾಗ ಸಮುದ್ರವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಅವಳು ಮಾತಾಡುತ್ತಿದ್ದಳು. ಕನ್ನಡದಲ್ಲಿ, ನನ್ನ ಜತೆ, ಅಷ್ಟುದ್ದ ಮೊದಲ ಸಲ.

"ಒಂದು ಶಬ್ದಕ್ಕೆ ನಿಮಗೆ ಇಷ್ಟು ಉರಿಯಿತಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹಿತ್ತಿಲಿನಿಂದ ನನ್ನನ್ನು ಕರೆದರು. ನಾನು ಒಳಗಿನಿಂದ 'ಎಂಥ ಅತ್ತೆ?' ಅಂದೆ. ನಮ್ಮಲ್ಲಿ ಹಾಗೆಯೇ ಹೇಳುವುದು. ಏನು ಅತ್ತೆ, ಯಾಕೆ ಕರೆದಿರಿ ಅಂತ. ಅವರು ಆ ದಿನ ಊಟ ಮಾಡಲಿಲ್ಲ. ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಪಕ್ಕದ ಮನೆಯವಳು ಎಷ್ಟೋ ಸಮಯದ ನಂತರ ಹೇಳಿದಳು, 'ಎಂಥಾ ಅತ್ತೆ ಇವಳು ಅಂತ ಮೂದಲಿಸಿದೆಯಂತಲ್ಲಮ್ಮ, ನಿಮ್ಮತ್ತೆ ನನ್ನ ಹತ್ರ ಹೇಳ್ಕೊಂಡು ಅತ್ತುಬುಟ್ಟಳು' ಅಂತ. ಆಮೇಲೆ ನಾನು ಹೂಂ, ಇಲ್ಲ, ಆಯ್ತು ಇಷ್ಟನ್ನೇ ಇಟ್ಟುಕೊಂಡೆ. ಅದರಲ್ಲಿ ತಪ್ಪಾಗುವುದಿಲ್ಲವಲ್ಲ. ಒಳ್ಳೆಯ ಹೆಸರೂ ಬಂತು."

ಅವ್ವ ಅತ್ತದ್ದು ನೆನಪಿತ್ತು, ಕೇಳಿದಾಗ "ಏನಿಲ್ಲ ಬುಡಪ್ಪ" ಎಂದಿದ್ದಳು. ಸೊಸೆಯ 'ಎಂಥ' ಒಂದು, ಅತ್ತೆಯ 'ಎಂಥಾ' ಇನ್ನೊಂದು, ನಡುವೆ ನನ್ನ ಸಂಸಾರ. ಆದರೂ ಹೊಟ್ಟೆಕಿಚ್ಚು ತಣ್ಣಗಾಯಿತೆಂದು ಸುಳ್ಳು ಹೇಳಲಾರೆ. ಇನ್ನೂ ಜೋರಾಯಿತು. ಮೊದಲು ಊರಿನ ಮೇಲೆ ಇತ್ತು, ಈಗ ಆ ಊರಿನಲ್ಲಿ ಹುಟ್ಟಿ ಬೆಳೆದು, ಬಾಯಿಗೆ ಬಂದದ್ದನ್ನು ಅವಳ ಜತೆ ಆಡಿಕೊಂಡಿದ್ದ ಪ್ರತಿಯೊಬ್ಬನ ಮೇಲೂ ಬಂತು.

"ಹಂಗಾದ್ರೆ ಬರಲ್ವಾ?" ಎಂದೆ.

ಅವಳು ಸೆರಗಿಗೆ ಅಂಟಿದ ಮರಳು ಕೊಡವಿದಳು. "ಬರ್ತೇನೆ. ವರ್ಗಕ್ಕೆ ಕೇಳುವುದಿಲ್ಲ. ಆದರೆ ಒಂದು. ಹುಟ್ಟುವ ಮಗುವಿನ ಹತ್ತಿರ ನಾನು ತುಳುವಿನಲ್ಲಿಯೇ ಮಾತಾಡುವುದು. ನೀವಾಗಲಿ ಅತ್ತೆಯಾಗಲಿ ಬೇಡ ಅನ್ನಬಾರದು. ಆ ಮನೆಯಲ್ಲಿ ನನಗೆ ಒಬ್ಬರಾದರೂ ಬೇಕು."

ಆ ಹೊತ್ತಿನಲ್ಲಿ ನನ್ನ ಎರಡು ಕಿವಿ ಕೊಯ್ದುಕೊಡು ಎಂದಿದ್ದರೂ ಕೊಡುತ್ತಿದ್ದೆ. ಆಯ್ತು ಎಂದೆ. ಗೆದ್ದೆ ಅಂದುಕೊಂಡೆ. ಎರಡು ದಿನ ಬಿಟ್ಟು, ಉದಾಸೀನವೆಲ್ಲ ಕಳೆದ ಮೇಲೆ, ಅವಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಮಧುಗಿರಿಗೆ ಹೊರಟೆ. ಹೆರಿಗೆಗೆಂದು ಅವಳು ಮತ್ತೆ ಆ ಊರಿಗೆ ಹೋದಳು, ಮಗಳನ್ನು ಎತ್ತಿಕೊಂಡು ಹೇಳಿದ ಹಾಗೆ ವಾಪಸು ಬಂದಳು.

ಮಗಳು ಮಾತು ಕಲಿತಳು. ನಮ್ಮ ಜತೆ ನಮ್ಮ ಮಾತು, ತಾಯಿಯ ಜತೆ ತಾಯಿಯ ಮಾತು. ಅಡಿಗೆಮನೆಯಲ್ಲಿ ಇಬ್ಬರೂ ಬಾಗಿಲು ಮುಚ್ಚಿಕೊಂಡರೆ ಮುಗಿಯಿತು, ಬಂದರಿನ ಓಣಿಯಲ್ಲಿ ಕೇಳಿದ ಅದೇ ನಗು ಜೋಡಿಯಾಗಿ ಬರುತ್ತಿತ್ತು. ಅವ್ವ ಪಡಸಾಲೆಯಲ್ಲಿ ಎಲೆ ಮಡಚುತ್ತ ಕಿವಿ ನಿಮಿರಿಸುತ್ತಿದ್ದಳು. "ಅದೇನ್ಲಾ ಅಂಗೆ ನಗ್ತವೆ? ನಮ್ಮನ್ನೇ ಆಡ್ಕೊಳ್ತವೇನೋ" ಎನ್ನುತ್ತಿದ್ದಳು. ನನಗೇನು ಗೊತ್ತು? ಒಂದು ಸಂಜೆ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ, ಒಳಗೆ ನಗು ಉಕ್ಕುತ್ತಿತ್ತು. ತಡೆಯಲಾಗಲಿಲ್ಲ. ಮಗಳು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಾಗ ಹಿಡಿದು ನಿಲ್ಲಿಸಿ, "ಏನವ್ವ ಅದು, ನಂಗೂ ಒಂಚೂರು ಹೇಳು" ಎಂದೆ. ಬೇಡಿಕೊಂಡೆ ಎಂದರೂ ಸರಿಯೇ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. ಆಮೇಲೆ ನಮ್ಮವ್ವನ ಬಾಯಲ್ಲಿ ಬರುವ ಅದೇ ಮಾತಿನ ವರಸೆಯಲ್ಲಿ, ಅಚ್ಚ ಮಿಡಿಗೇಶಿಯಲ್ಲಿ ಹೇಳಿದಳು:

"ಹೇಳುದ್ರೂ ನಿಂಗೆ ನಗು ಬರಲ್ಲ ಕಣಪ್ಪೋ, ಬುಡು."