ಬೇವು ಕಟ್ಟಿದ ಬಾಗಿಲು

ಪುಣೆಯ ಬಿಬವೇವಾಡಿಯ ಆ ಓಣಿಯಲ್ಲಿ ನರ್ಸ್ ಕೃಷ್ಣಾಬಾಯಿಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಆಕೆಗೂ ಓಣಿಯವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬೈಲಹೊಂಗಲದಿಂದ ಮದುವೆಯಾಗಿ ಬಂದವಳು. ಇಪ್ಪತ್ತಾರು ವರ್ಷ ಸರಕಾರಿ ದವಾಖಾನೆಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಬಾಯಿಯೂ ಸೂಜಿಯಂತೆಯೇ ಆಗಿತ್ತು.

“ಕೂಸಿಗೆ ಸೂಜಿ ಮಾಡಸ್ರಿ ಅಂದ್ರ ಮಂಗಳವಾರ ಅಂತೀರಿ, ಅಮಾಸಿ ಅಂತೀರಿ. ರೋಗ ಏನು ಪಂಚಾಂಗ ನೋಡಿ ಬರ್ತದೇನ್ರಿ?” ಎಂದು ಹೊಸ್ತಿಲಲ್ಲಿ ನಿಂತೇ ಝಾಡಿಸುತ್ತಿದ್ದಳು.

ಇಂಥ ಗಟ್ಟಿಗಿತ್ತಿ ಹೋದ ತಿಂಗಳು ಒಂದು ಬಾಗಿಲಿನಿಂದ ಸುಮ್ಮನೆ ಹಿಂದಿರುಗಿದ್ದಳು. ಆ ಮನೆಯ ಮೂರು ವರ್ಷದ ಅಕ್ಕುವಿಗೆ ದಡಾರ ಎದ್ದಿತ್ತು, ಪುಣೆಯವರು ಗೋವರ ಅನ್ನುತ್ತಾರಲ್ಲ, ಅದೇ. ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವು ಕಟ್ಟಿದ್ದರು. ಆ ಬೇವನ್ನು ಹೊರಗಿನವರು ದಾಟಬಾರದೆಂದು ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದು ನೆನಪಾಗಿ ಕೃಷ್ಣಾಬಾಯಿಗೆ ಕಾಲೇ ಏಳಲಿಲ್ಲ. ನಾಳೆ ನೋಡೋಣವೆಂದು ಹೊರಟುಬಿಟ್ಟಳು, ಮತ್ತೆ ಹೋಗಲಿಲ್ಲ. ಐದನೆಯ ದಿನಕ್ಕೆ ಮಗು ಉಸಿರಾಡಲಾಗದೆ ಹೋಗಿಬಿಟ್ಟಿತು. ಬಾಗಿಲವರೆಗೆ ಹೋಗಿದ್ದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಈಗ ಮಲ್ಲವ್ವನ ಬಾಗಿಲಿಗೆ ಬೇವು. ಓಣಿಯಲ್ಲಿ ಯಾರ ಮನೆಗೆ ಅಮ್ಮ ಬಂದರೂ ಬೇವು ಕಟ್ಟಲು ಓಡುವವಳು ಈ ಧಾರವಾಡದ ಮುದುಕಿಯೇ. ಈ ಸಲ ಅವಳ ಮೊಮ್ಮಗ ಪ್ರಣವ ಮಲಗಿದ್ದ. ಎರಡು ವರ್ಷದವನು, ಒಂದು ಲಸಿಕೆಯೂ ಆಗಿರಲಿಲ್ಲ. ಕೃಷ್ಣಾಬಾಯಿ ವಿಟಮಿನ್ ಎ ಔಷಧದ ಬಾಟಲಿ ತಂದಿದ್ದಳು. ಇವತ್ತೊಂದು ಚಮಚ, ನಾಳೆ ಒಂದು ಚಮಚ. ದಡಾರ ಕಣ್ಣನ್ನೂ ತಿನ್ನುತ್ತದೆ; ಹುಡುಗನ ಕಣ್ಣೂ ಉಳಿಯಬೇಕು, ಜೀವವೂ ಉಳಿಯಬೇಕು.

“ಒಳಗ ಕಾಲಿಟ್ಟೀ, ನೋಡು,” ಮಲ್ಲವ್ವ ಅಡ್ಡ ನಿಂತಳು. “ಅಮ್ಮ ಇದ್ದ ಮನಿಗೆ ಔಷಧ ತರಬಾರದು. ನಮ್ಮ ಕೂಸು ನಮಗ ಬಿಡು.”

“ಅಕ್ಕುನ ಮನಿಗೂ ಬೇವು ಕಟ್ಟಿದವರು ನೀವ. ಆ ಕೂಸು ಎಲ್ಲ್ಯದರಿ ಈಗ?”

ಮುದುಕಿಯ ಮುಖ ಸಣ್ಣದಾಯಿತು. ಆದರೆ ಸೋಲುವ ಹೆಂಗಸಲ್ಲ ಅವಳು. “ಹೌದು, ನಾನ ಕಟ್ಟೀನಿ. ಅವತ್ತು ಅಕ್ಕುನ ಮನಿಯೊಳಗ ಕೂತು ಕಿಡಕ್ಯಾಗಿಂದ ನೋಡೀನಿ. ಚೀಲ ಹಿಡಕೊಂಡು ಬಂದು, ಬೇವು ನೋಡಿ ಹೊಳ್ಳಿ ಹೋದಾಕಿ ಯಾರು?”

ಓಣಿಯೆಲ್ಲ ಕಿವಿಯಾಗಿತ್ತು. ಕೃಷ್ಣಾಬಾಯಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಮುದುಕಿಯ ಮೇಲೂ ತನ್ನ ಮೇಲೂ.

“ನಾನ,” ಎಂದಳು. “ಇಬ್ಬರೂ ಕೂಡೇ ಕೊಂದ್ವಿ. ಇನ್ನೊಂದು ಕೂಸು ಬ್ಯಾಡ. ಸರೀರಿ ಆಕಡೆ.”

ಬೇವಿನ ಟೊಂಗೆಯನ್ನು ಭುಜದಿಂದ ತಳ್ಳಿ ಒಳಗೆ ನಡೆದಳು. ಮಲ್ಲವ್ವ ಸೆರಗು ಹಿಡಿದು ಜಗ್ಗಿದಳು, ಹಾಳಾಗಿ ಹೋಗು ಎಂದು ಶಪಿಸಿದಳು. ಸೊಸೆ ನೀಲಿಮಾ ಮಗನ ತಲೆ ಎತ್ತಿ ಹಿಡಿದಳು. ಒಂದು ಚಮಚ ಒಳಗೆ ಹೋಯಿತು.

ಮರುದಿನವೂ ಬೇವು ಹಾಗೆಯೇ ಇತ್ತು. ನೀಲಿಮಾ ನೀರಿಗೆ ಹೋಗಿದ್ದಳು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಮಲ್ಲವ್ವ ಒಬ್ಬಳೇ ಕೂತಿದ್ದಳು.

“ನಿನ್ನ ಮಾರಿ ನೋಡಂಗಿಲ್ಲ ನಾ,” ಎಂದು ಗೋಡೆಯತ್ತ ಹೊರಳಿದಳು. ಕೊಸರಾಡುತ್ತಿದ್ದ ಹುಡುಗನ ಎರಡೂ ಕೈಗಳನ್ನು ಮಾತ್ರ ಬಿಡಲಿಲ್ಲ.

“ನೋಡಬ್ಯಾಡ್ರಿ. ಗಟ್ಟಿ ಹಿಡೀರಿ, ಸಾಕು.”

ಚಮಚ ಖಾಲಿಯಾಯಿತು. ಕೃಷ್ಣಾಬಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ ಮಲ್ಲವ್ವ ಗೋಡೆ ನೋಡುತ್ತಲೇ ಕೇಳಿದಳು: “ಇದನ್ನ ಹಾಕಿದ್ರ ಅಕ್ಕು ಉಳೀತಿದ್ಲೇನು?”

“ಉಳೀಬಹುದಿತ್ತು,” ಎಂದಳು ಕೃಷ್ಣಾಬಾಯಿ.