ಒಂದು ದಿನಕ್ಕೆ ಒಂದೇ ವಿಸಿಟ್

ಹೌಜ್ ಖಾಸ್‌ನ ಒಂದು ಕ್ಲಿನಿಕ್ಕಿನ ಬಿಲ್ಲಿಂಗ್ ಕೌಂಟರಿನಲ್ಲಿ ಹನ್ನೆರಡು ವರ್ಷ ಕೂತವಳು ನಾನು. ದಿನಕ್ಕೆ ಹತ್ತು ಸಲವಾದರೂ ಆಡುತ್ತಿದ್ದ ಮಾತು ‘ಕಲ್ ಆಯಿಯೇ’, ನಾಳೆ ಬನ್ನಿ. ಕಂಪನಿ ಕಾರ್ಡಿನವರಿಗೆ ದಿನಕ್ಕೆ ಒಂದೇ ವಿಸಿಟ್. ಬೆಳಿಗ್ಗೆ ಹೊಟ್ಟೆನೋವಿಗೆ ತೋರಿಸಿದವರು ಸಂಜೆ ಕಿವಿನೋವೆಂದು ಬಂದರೆ ಎರಡು ಬಿಲ್ಲನ್ನೂ ಕಂಪನಿ ದುಡ್ಡು ಕೊಡದೆ ವಾಪಸು ಕಳಿಸುತ್ತಿತ್ತು. ಕೆಲವರು ಗೋಗರೆಯುತ್ತಿದ್ದರು. ನಾನು ಕಂಪ್ಯೂಟರಿನಿಂದ ತಲೆ ಎತ್ತುತ್ತಿರಲಿಲ್ಲ. ರೂಲ್ಸು ಅರೆದು ಕುಡಿದವಳೆಂಬ ಜಂಬ ಬೇರೆ.

ಹೋದ ಚಳಿಗಾಲದಲ್ಲಿ ಒಂದು ದಿನ, ನಮ್ಮ ಯಜಮಾನರು ದ್ವಾರಕಾದ ಮನೆ ಹತ್ತಿರದ ಕ್ಲಿನಿಕ್ಕಿಗೆ ಬೆಳಿಗ್ಗೆ ಹೋಗಿ ತಮ್ಮ ಕಂಪನಿ ಕಾರ್ಡಿನಲ್ಲಿ ಸಕ್ಕರೆ ಕಾಯಿಲೆ ತೋರಿಸಿಕೊಂಡು ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಕೂತವರು ತುತ್ತು ಹಿಡಿದುಕೊಂಡೇ, “ಬಲಗಣ್ಣಿಗೆ ಯಾರೋ ಪರದೆ ಎಳೆದ ಹಾಗಿದೆ ಕಣೇ” ಎಂದರು. ಅದೇ ಕ್ಲಿನಿಕ್ಕಿಗೆ ಓಡಿದೆವು. ಕಣ್ಣಿನ ಡಾಕ್ಟರು ಒಳಗೇ ಇದ್ದರು. ಬಾಗಿಲ ಸಂದಿಯಲ್ಲಿ ಅವರು ಚಹಾ ಕುಡಿಯುವುದು ಕಾಣುತ್ತಿತ್ತು. ಕೌಂಟರಿನ ಹುಡುಗಿ ತಲೆ ಎತ್ತದೆ, “ಆಜ್ ಕಾ ವಿಸಿಟ್ ಹೋ ಗಯಾ ಆಂಟಿ. ಕಲ್ ಆಯಿಯೇ” ಎಂದಳು. ಇವತ್ತಿನ ವಿಸಿಟ್ ಆಗಿಹೋಗಿದೆ, ನಾಳೆ ಬನ್ನಿ.

“ದುಡ್ಡು ಕೊಟ್ಟೇ ತೋರಿಸಿಬಿಡೋಣ” ಎಂದರು ಇವರು.

“ಸುಮ್ನಿರ್ರೀ. ನನಗೆ ಗೊತ್ತಿಲ್ವಾ ಈ ರೂಲ್ಸು? ದುಡ್ಡು ಕೊಟ್ರೂ ಒಂದೇ ದಿನ ಎರಡು ಚೀಟಿ ಆದ್ರೆ ಬೆಳಗಿನ ಬಿಲ್ಲೂ ಹೋಗುತ್ತೆ.”

ಪರ್ಸಿನಲ್ಲಿ ದುಡ್ಡಿತ್ತು. ಆ ಮಾತನ್ನು ಬಚ್ಚಿಟ್ಟು ಈ ಕಥೆ ಬರೆದೂ ಪ್ರಯೋಜನವಿಲ್ಲ.

ಮರುದಿನ ಡಾಕ್ಟರು ದೀಪ ಬಿಟ್ಟು ನೋಡಿದರು, ಮತ್ತೆ ನೋಡಿದರು. ಯಾವಾಗಿನಿಂದ ಎಂದು ಕೇಳಿದರು. “ಕಲ್ ಸೇ” ಎಂದೆ, ನಿನ್ನೆಯಿಂದ. “ಫಿರ್ ಕಲ್ ಕ್ಯೋಂ ನಹೀಂ ಆಯೇ?” ನಿನ್ನೆಯೇ ಏಕೆ ಬರಲಿಲ್ಲ? ಕಲ್ ಬರಲು ಹೇಳಿದ್ದರು ಎಂದು ತೊದಲಿದೆ. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ ಒಂದೇ ಪದ. ದೆಹಲಿಗೆ ಹೊಸದಾಗಿ ಬಂದಾಗ ಇದೇನು ಭಾಷೆಯಪ್ಪಾ ಎಂದು ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಕಣ್ಣಿನ ಹಿಂದಿನ ಪದರ ಕಳಚಿಕೊಂಡಿತ್ತು. ನಿನ್ನೆ ಅದರ ನಡುಭಾಗ ಇನ್ನೂ ಅಂಟಿಕೊಂಡಿದ್ದಿರಬೇಕು, ಇವತ್ತು ಅದೂ ಬಿಟ್ಟಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಬಲಗಣ್ಣಿಗೆ ಈಗ ಬೆಳಕು, ಕತ್ತಲೆ ಅಷ್ಟೇ ತಿಳಿಯುತ್ತದೆ. ಆ ಹುಡುಗಿಗೆ ಹಿಡಿಶಾಪ ಹಾಕೋಣವೆಂದು ಬಾಯಿ ತೆರೆದರೆ ನನ್ನದೇ ದನಿ ಕೇಳಿಸುತ್ತದೆ. ನಾನು ವಾಪಸು ಕಳಿಸಿದವರು ಮನೆಗೆ ಹೋಗಿ ಏನಾದರೋ, ನನಗೆ ಗೊತ್ತಿಲ್ಲ.

ಒಂದು ತಿಂಗಳಾದ ಮೇಲೆ ಇವರ ಫೋನಿಗೆ ಮೆಸೇಜು ಬಂತು. ಎಡಗಣ್ಣಿನ ಹತ್ತಿರ ಹಿಡಿದು ಓದಲು ನೋಡಿದರು, ಸಣ್ಣ ಅಕ್ಷರ ಕಾಣದೆ ನನ್ನ ಕೈಗೆ ಕೊಟ್ಟರು.

“ಬಿಲ್ಲು ಪಾಸಾಯ್ತೇನೇ?”

“ಹ್ಞೂಂ. ಎರಡು ದಿನದ್ದೂ.”

“ನೀನು ಹೇಳಿದ್ದು ಸರಿಯಾಗೇ ಇತ್ತು ಬಿಡು” ಎಂದರು. ಅಣಕಿಸಿ ಹೇಳಲಿಲ್ಲ. ಅಣಕಿಸಿದ್ದರೆ ಎಷ್ಟೋ ವಾಸಿಯಿತ್ತು.