ಅಲ್ಬೇನಿಯಾದ ಬಸ್ಸಿನಲ್ಲಿ ದೋಸೆ ಹಿಟ್ಟು

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಅಮೆರಿಕದ ಸನ್ನಿವೇಲ್‌ನಲ್ಲಿ ಮಗಳ ಅಪಾರ್ಟ್‌ಮೆಂಟಿನ ಹತ್ತಿರದ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಬರುವ ಕನ್ನಡದ ಮುದುಕ ಮುದುಕಿಯರು ಹನ್ನೊಂದು ಜನ ಸೇರಿ ಅಲ್ಬೇನಿಯಾ ಎಂಬ ದೇಶಕ್ಕೆ ಹೊರಟರು. ಅದು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. "ನೀನೂ ಹೋಗಿ ಬಾ ಅವ್ವಾ, ಹತ್ತು ದಿನ ಆರಾಮ ಇರ್ತಿ" ಎಂದಳು ಮಗಳು. ಮೊಮ್ಮಗಳನ್ನು ನೋಡಿಕೊಂಡು ಎರಡು ಹೊತ್ತು ಬೇಯಿಸಿ ನನಗೂ ಸಾಕಾಗಿತ್ತು. ಹತ್ತು ದಿನ ಒಲೆಯ ಮುಂದೆ ನಿಲ್ಲುವುದು ತಪ್ಪುತ್ತದಲ್ಲ ಎಂಬ ಒಂದೇ ಆಸೆಗೆ ಹೂಂ ಅಂದೆ.

ಮೊದಲನೇ ಹೋಟೆಲಿನಲ್ಲಿ ಗುಂಪಿನ ಯಜಮಾನರು ನನ್ನ ಕೋಣೆಗೆ ಒಂದು ದೊಡ್ಡ ಸೂಟ್‌ಕೇಸು ತಳ್ಳಿಕೊಂಡು ಬಂದರು. ಬೆಂಗಳೂರಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿದ್ದವರು. ತೆಗೆದರೆ ಒಳಗೆ ಅಕ್ಕಿ, ಉದ್ದು, ಕರೆಂಟಿನ ಒಲೆ, ಮಿಕ್ಸಿ. ಊರಿನಿಂದ ತಂದ ಮಿಕ್ಸಿ ಅಮೆರಿಕದ ಕರೆಂಟಿಗೆ ಓಡದೆ ಅವರ ಗ್ಯಾರೇಜಿನಲ್ಲಿ ಬಿದ್ದಿತ್ತಂತೆ. ಇಲ್ಲಿಯ ಕರೆಂಟು ನಮ್ಮ ಕಡೆಯದೇ, ಓಡುತ್ತದೆ ಎಂದು ಅವರಿಗೆ ಬಹಳ ಖುಷಿ.

"ಇದೆಲ್ಲಾ ನನ್ನ ಕೋಣ್ಯಾಗ ಯಾಕರೀ ಸಾಹೇಬ್ರ?" ಎಂದೆ.

ಅವರ ಹೆಂಡತಿ ಹಿಂದೆಯೇ ನಿಂತಿದ್ದರು. "ನಿಮ್ಮ ಮಗಳೇ ಹೇಳಿದ್ಲಲ್ಲ ಅಕ್ಕ, ಅಡುಗೆ ನಮ್ಮಮ್ಮ ನೋಡ್ಕೋತಾರೆ, ಅವರಿಗೂ ಟೈಂಪಾಸ್ ಆಗುತ್ತೆ ಅಂತ. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಹನ್ನೊಂದು ಜನ ಹಸಿದು ಕೂತಿದ್ದರು. ಅನ್ನಕ್ಕೆ ಇಟ್ಟೆ.

ಐದು ದಿನ ಹಾಗೇ ನಡೆಯಿತು. ಎಲ್ಲರಿಗಿಂತ ಮುಂಚೆ ಎದ್ದು ಉಪ್ಪಿಟ್ಟು. ಆಮೇಲೆ ಬಸ್ಸು. ಊರು ಮುಟ್ಟಿದ ಮೇಲೆ ಅವರೆಲ್ಲ ಹಳೇ ಪೇಟೆ, ಮಸೀದಿ, ಕೋಟೆ ಅಂತ ಹೋಗುತ್ತಿದ್ದರು. "ಮೆಟ್ಲು ಜಾಸ್ತಿ, ನೀವು ರೂಮಲ್ಲೇ ರೆಸ್ಟ್ ಮಾಡಿ" ಎನ್ನುತ್ತಿದ್ದರು ಯಜಮಾನರು. ನನ್ನ ರೆಸ್ಟೆಂದರೆ ನೆನೆಹಾಕುವುದು, ರುಬ್ಬುವುದು, ಸ್ನಾನದ ಮನೆಯ ಸಿಂಕಿನಲ್ಲಿ ಪಾತ್ರೆ ತೊಳೆಯುವುದು.

ಆ ದೇಶವನ್ನು ನಾನು ನೋಡಿದ್ದು ಬಸ್ಸಿನ ಕಿಟಕಿಯಿಂದ. ಎಲ್ಲಿ ನೋಡಿದರೂ ಕ್ರೇನು. ಅರ್ಧ ಕಟ್ಟಿದ ಮನೆಗಳ ತಲೆಯ ಮೇಲೆ ಕಬ್ಬಿಣದ ಸರಳು. ಹೊಲಗಳಲ್ಲಿ ಬೋರಲು ಹಾಕಿದ ಬುಟ್ಟಿಯಂಥ ಕಾಂಕ್ರೀಟು ಗೂಡುಗಳು. ಯುದ್ಧ ಬರುತ್ತದೆ ಎಂದು ಹಿಂದಿನ ಸರಕಾರ ಕಟ್ಟಿಸಿದ್ದಂತೆ. ಯುದ್ಧ ಬರಲಿಲ್ಲ, ಈಗ ಒಂದರಲ್ಲಿ ಕಾಫಿ ಮಾರುತ್ತಿದ್ದರು. ಗೈಡು ಹುಡುಗಿ ಮೈಕು ಹಿಡಿದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಯಜಮಾನರ ಹೆಂಡತಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. "ಅವಳ ಅಜ್ಜಿ ಕಾಲದಲ್ಲಿ ಈ ಬೆಟ್ಟ ದಾಟೋಕೆ ಒಂದು ದಿನ ಬೇಕಿತ್ತಂತೆ ಅಕ್ಕ. ಈಗ ಸುರಂಗದಲ್ಲಿ ಹತ್ತು ನಿಮಿಷ." ಮುದುಕಿಯರಿಗೆ ಅಷ್ಟಾದರೂ ಅನುಕೂಲವಾಯಿತಲ್ಲ ಎಂದುಕೊಂಡೆ.

ಆರನೇ ದಿನಕ್ಕೆ ಎಲ್ಲರಿಗೂ ದೋಸೆ ಬೇಕಾಯಿತು. ಹಿಂದಿನ ರಾತ್ರಿಯೇ ರುಬ್ಬಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ದೆ. ಬೆಳಿಗ್ಗೆ ಬಸ್ಸಿನ ಡ್ರೈವರ್ ವಾಸನೆ ಎಂದು ಮೂಗು ಮುರಿದ. ಬಸ್ಸು ಹೊಸದು, ಅವನದೇ ಸ್ವಂತದ್ದು. ಯಜಮಾನರು ಮುಚ್ಚಳ ಒತ್ತಿ, ಸುತ್ತಲೂ ಟೇಪು ಸುತ್ತಿದರು.

"ಹಂಗ ಬಿಗಿಬ್ಯಾಡ್ರಿ ಸಾಹೇಬ್ರ, ಹಿಟ್ಟು ಉಬ್ಬತೈತಿ."

"ಏನೂ ಆಗಲ್ಲ ಬಿಡಿ ಅಮ್ಮ, ನಾನಿದೀನಲ್ಲ."

ಡಬ್ಬಿ ಸೂಟ್‌ಕೇಸುಗಳ ಜೊತೆ ಬಸ್ಸಿನ ಹೊಟ್ಟೆಯೊಳಗೆ ಹೋಯಿತು. ಜೂನ್ ತಿಂಗಳ ಬಿಸಿಲು. ಮಧ್ಯಾಹ್ನ ಬೆಟ್ಟದ ಊರಿನಲ್ಲಿ ಡ್ರೈವರ್ ಬಾಗಿಲು ಎತ್ತಿದವನು ಹಾಗೇ ನಿಂತ. ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ. ಹಿಟ್ಟು ಎಲ್ಲರ ಸೂಟ್‌ಕೇಸುಗಳ ಮೇಲೆ ನೊರೆನೊರೆಯಾಗಿ ಹರಿದಿತ್ತು. ಡ್ರೈವರ್ ಅವನ ಭಾಷೆಯಲ್ಲಿ ಏನೇನೋ ಅಂದ. ಅರ್ಥ ಯಾರೂ ಕೇಳಲಿಲ್ಲ.

ಎಲ್ಲ ಒರೆಸಿ ಕೋಣೆಗೆ ಬರುವ ಹೊತ್ತಿಗೆ ಸಂಜೆಯಾಗಿ, ನನ್ನ ಸೊಂಟ ಬಿದ್ದುಹೋಗಿತ್ತು. ಯಜಮಾನರು ಬಾಗಿಲಿಗೆ ಬಂದರು. "ಆಗಿದ್ದಾಯ್ತು ಅಮ್ಮ. ಈಗ ನೆನೆಹಾಕಿದ್ರೆ ರಾತ್ರಿಗೆ ರುಬ್ಬಬಹುದು. ನಾಳೆ ನಾವು ಕೋಟೆ ನೋಡ್ಕೊಂಡು ಬರೋ ಅಷ್ಟರಲ್ಲಿ ದೋಸೆ ರೆಡಿ ಇದ್ರೆ ಸಾಕು."

"ನಾ ರುಬ್ಬಂಗಿಲ್ಲರೀ."

"ಅಂದ್ರೆ?"

"ಅಂದ್ರ ರುಬ್ಬಂಗಿಲ್ಲ. ಮಿಕ್ಸಿ ನಿಮ್ದು, ಕೈಯೂ ನಿಮಗ ಅದಾವು."

ಅವರು ಸುಮ್ಮನೆ ಹೋದರು ಎಂದುಕೊಂಡೆ. ಹೋಗಿ ಸನ್ನಿವೇಲ್‌ಗೆ ಫೋನು ಹಚ್ಚಿದ್ದರು. ಸ್ವಲ್ಪ ಹೊತ್ತಿಗೆ ಮಗಳ ಕರೆ ಬಂತು. ಅಲ್ಲಿ ಇನ್ನೂ ಬೆಳಿಗ್ಗೆ, ಅವಳು ಆಗಷ್ಟೇ ಆಫೀಸಿಗೆ ಹೊರಟಿದ್ದಳು.

"ಅವ್ವಾ, ಅವರೆಲ್ಲಾ ನಿನ್ನ ನಂಬಿ ಹೋಗ್ಯಾರ. ಇನ್ನ ನಾಕ ದಿನ, ಅಡ್ಜಸ್ಟ್ ಮಾಡ್ಕೊ."

"ನೀ ಮಾತು ಕೊಟ್ಟೀದಿ, ನೀನ ಬಂದು ರುಬ್ಬು."

"ಹಂಗ ಮಾತಾಡಬ್ಯಾಡ. ನಿನಗ ಬ್ಯಾಸರಾ ಆಗಬಾರದಂತ ಹೇಳಿದ್ದೆ."

"ನನಗ ಬ್ಯಾಸರಾ ಇಲ್ಲ. ದಣಿವಾಗೈತಿ. ಎರಡೂ ಬ್ಯಾರೆ."

"ಮೀಟಿಂಗ್ ಐತಿ" ಎಂದು ಫೋನು ಇಟ್ಟಳು. ಅಂದು ಎಲ್ಲರೂ ಹೊರಗೆ ಹೋಗಿ ಏನೋ ತಿಂದು ಬಂದರು. ನನ್ನನ್ನು ಯಾರೂ ಕರೆಯಲಿಲ್ಲ. ಎರಡು ಬಾಳೆಹಣ್ಣು ತಿಂದು ಮಲಗಿದೆ.

ಮರುದಿನ ಬೆಳಿಗ್ಗೆ ತಡವಾಗಿ ಎದ್ದೆ. ಕೆಳಗಿಳಿದು ಹೋಟೆಲಿನವರು ಕೊಟ್ಟ ಬ್ರೆಡ್ಡು, ಟೊಮೆಟೊ ತಿಂದು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೋಟೆಗೆ ಹೊರಟೆ. ಮೆಟ್ಟಿಲು ನಿಜವಾಗಿಯೂ ಜಾಸ್ತಿ ಇದ್ದವು. ಮಂಡಿ ನೋಯುತ್ತಿತ್ತು. ಅರ್ಧ ಹತ್ತಿ, ನೆರಳಿದ್ದ ಒಂದು ಕಲ್ಲಿನ ಮೇಲೆ ಮಧ್ಯಾಹ್ನದವರೆಗೆ ಕೂತೆ.